ಸಸ್ಯಾಹಾರದ ವ್ರತವೂ ಪಾಕಸ್ಪರ್ಧೆಯೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಆಹಾರವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಷಟ್‌ಸ್ಥಲ, ಅಷ್ಟಾವರಣಗಳ ತತ್ತ್ವವನ್ನು ಬಿಡಿಸಿ ಹೇಳಬಲ್ಲ ವಿದ್ವಾಂಸರು ಈ ಸಭೆಯಲ್ಲಿ ಬೇಕಾದಷ್ಟು ಜನರಿರುವರು. ನಾನಾದರೋ ಅದಕ್ಕಿಂತ ಕೆಳಗಿನ ಮೆಟ್ಟಿಲಿನ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ದೂರದರ್ಶನದ ತೆರೆಯ ಮೇಲೆ ಕಾಣುವ ಅಡಿಗೆಯ ಪಂದ್ಯವೇ ಆ ವಿಷಯ. ಮಠದ ಸಭೆಯಲ್ಲಿ ಇದೆಂತಹ ಮಾತೆಂದು ಕೆಲವರು ಮುಗುಳುನಗುತ್ತಿರುವದು ಕಾಣುತ್ತದೆ. ನಗಲಿ, ಆದರೆ ಆ ಪಂದ್ಯವನ್ನು ನೋಡಿದ ಜನರು ಆಡಿಕೊಂಡ ಮಾತುಗಳಲ್ಲಿ ನಮ್ಮ ಆಚಾರಕ್ಕೆ ನೇರವಾಗಿ ತಗಲುವ ಪ್ರಶ್ನೆಯೊಂದು ಅಡಗಿದೆ.

ಮಾಸ್ಟರ್‌ಶೆಫ್ ಎಂಬ ಈ ಸ್ಪರ್ಧೆಯು 1990ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ ಹುಟ್ಟಿತು, 2009ರಲ್ಲಿ ಆಸ್ಟ್ರೇಲಿಯದಲ್ಲಿ ಹೊಸ ರೂಪವನ್ನು ತಾಳಿ, 2010ರಲ್ಲಿ ಹಿಂದೀ ಭಾಷೆಯ ಉಡುಪಿನಲ್ಲಿ ನಮ್ಮ ದೇಶಕ್ಕೆ ಬಂದಿತು. ಅಡಿಗೆಯನ್ನು ವೃತ್ತಿಯಾಗಿ ಹಿಡಿಯದ ಗೃಹಿಣಿಯರೂ ತರುಣರೂ ಗೊತ್ತುಪಡಿಸಿದ ವೇಳೆಯೊಳಗೆ ಪಾಕವನ್ನು ಸಿದ್ಧಪಡಿಸಿ ತೀರ್ಪುಗಾರರ ಮುಂದಿಡುವರು. ತೀರ್ಪುಗಾರರು ಒಂದೆರಡು ತುತ್ತು ರುಚಿನೋಡಿ ಗುಣದೋಷಗಳನ್ನು ಹೇಳುವರು. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಹೊರಗಾಗುವರು. ಆಟದ ಕ್ರಮ ಇಷ್ಟೇ.

2015ರಲ್ಲಿ ಈ ಪಂದ್ಯದ ನಾಲ್ಕನೆಯ ಆವೃತ್ತಿ ನಡೆಯಿತು. ಸಂಜೀವ ಕಪೂರ್, ವಿಕಾಸ ಖನ್ನಾ, ರಣವೀರ ಬ್ರಾರ್ ಇವರು ತೀರ್ಪುಗಾರರಾಗಿದ್ದರು. ಆ ವರ್ಷ ಪಂದ್ಯದಲ್ಲಿ ಸಸ್ಯಾಹಾರದ ಅಡಿಗೆಯನ್ನು ಮಾತ್ರವೇ ಮಾಡತಕ್ಕದ್ದೆಂದು ನಿಯಮವಾಯಿತು. ಆ ಸುದ್ದಿ ಹೊರಬಿದ್ದೊಡನೆ ಪ್ರೇಕ್ಷಕರು ಎರಡು ಪಂಗಡಗಳಾದರು. ಮಾಂಸವಿಲ್ಲದ ಮೇಲೆ ಅದೆಂತಹ ಪಾಕಪರೀಕ್ಷೆ, ಸೊಪ್ಪುಸದೆಯನ್ನು ಬೇಯಿಸುವದಕ್ಕೆ ಪಂದ್ಯವೇಕೆ ಎಂದು ಒಂದು ಪಂಗಡದವರು ಗೇಲಿಮಾಡಿದರು. ಭರತಖಂಡದ ನಿಜವಾದ ಆಹಾರಕ್ಕೆ ಈಗ ಮರ್ಯಾದೆ ಬಂದಿತೆಂದು ಇನ್ನೊಂದು ಪಂಗಡದವರು ಹಿಗ್ಗಿದರು.

ಈ ಎರಡು ಮಾತುಗಳೂ ನನಗೆ ಸರಿಯೆನಿಸಲಿಲ್ಲ. ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಅದು ನಮ್ಮವರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು. ಸರಕಾರದವರು 2014ರಲ್ಲಿ ನಡೆಸಿದ ಮಾದರಿ ನೋಂದಣಿಯ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷಕ್ಕೆ ಮೇಲ್ಪಟ್ಟ ಭಾರತೀಯರಲ್ಲಿ ನೂರಕ್ಕೆ ಸುಮಾರು 70 ಜನರು ಮಾಂಸಾಹಾರಿಗಳು. ಸಸ್ಯಾಹಾರಿಗಳಾದ ನಾವು ಈ ದೇಶದಲ್ಲಿ ಕಡಿಮೆ ಸಂಖ್ಯೆಯವರು. ಹೀಗಿರಲು ನಮ್ಮ ಊಟವೇ ದೇಶದ ಊಟವೆಂದು ಹೇಳಿಕೊಳ್ಳುವದು ಸತ್ಯಕ್ಕೆ ದೂರವಾದ ಮಾತು. ಸಸ್ಯಾಹಾರವು ದೊಡ್ಡದೆನಿಸಿಕೊಳ್ಳುವದಕ್ಕೆ ಸುಳ್ಳಿನ ಆಸರೆ ಬೇಕಾಗಿಲ್ಲ.

ಇನ್ನು ಗೇಲಿಮಾಡಿದವರ ಮಾತು. ಅವರು ಒಂದು ಸಲವಾದರೂ ಜೋಳದ ರೊಟ್ಟಿಯನ್ನು ಬಡಿಯಲು ಕೂತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಗೋಧಿಯ ಹಿಟ್ಟಿಗೆ ನೀರು ಸೋಂಕಿದೊಡನೆ ಅದರಲ್ಲಿ ಜಿಗುಟು ಹುಟ್ಟಿ ಹಿಟ್ಟು ಒಂದನ್ನೊಂದು ಹಿಡಿದುಕೊಳ್ಳುವದು. ಜೋಳದಲ್ಲಿ ಆ ಜಿಗುಟಿಲ್ಲ. ಆದುದರಿಂದಲೇ ನಮ್ಮ ತಾಯಂದಿರು ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿಗೆ ಹೊಯ್ದು ನಾದುವರು. ಬಿಸಿಗೆ ಹಿಟ್ಟಿನೊಳಗಿನ ಪಿಷ್ಟವು ಅರೆಬೆಂದು ಅಂಟಾಗಿ, ಇಲ್ಲದ ಜಿಗುಟಿನ ಕೆಲಸವನ್ನು ಮಾಡುವದು. ನೀರು ಆರಿದ್ದರೆ ರೊಟ್ಟಿ ಅಂಚಿನಲ್ಲಿ ಸೀಳುವದು. ಹೆಚ್ಚಾದರೆ ಕೈಗೆ ಹತ್ತುವದು. ಲಟ್ಟಣಿಗೆಯ ಹಂಗಿಲ್ಲದೆ, ಬರಿಯ ಅಂಗೈಯ ಪೆಟ್ಟಿನಿಂದ ಅದನ್ನು ಚಂದ್ರಬಿಂಬದಂತೆ ಹರಡಿಸಿ, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಆ ನೀರು ಆರುವದರೊಳಗೆ ತಿರುವಿಹಾಕಿ, ಉಬ್ಬಿಸಬೇಕು. ಅಕ್ಷರ ಬಾರದ ಮುದುಕಿಯೂ ಈ ವಿದ್ಯೆಯನ್ನು ಬಲ್ಲಳು. ಪಾಕಶಾಸ್ತ್ರದ ಪದವೀಧರನು ಇದನ್ನು ಕಲಿಯುವದಕ್ಕೆ ತಿಂಗಳುಗಟ್ಟಲೆ ಬೇಕು. ಆ ಪಂದ್ಯದಲ್ಲಿ ಹೊರನಾಡಿನ ತಿನಿಸುಗಳನ್ನು ಮೊಟ್ಟೆಯಿಲ್ಲದೆ ಮಾಡಬೇಕಾದವರ ಕಷ್ಟವೂ ಇದೇ ಜಾತಿಯದು. ಮೊಟ್ಟೆಯ ಬಿಳಿಭಾಗವು ಗಾಳಿಯನ್ನು ಹಿಡಿದಿಟ್ಟು, ಬಿಸಿಗೆ ಗಟ್ಟಿಯಾಗಿ, ಕೇಕಿಗೆ ಎತ್ತರವನ್ನು ಕೊಡುತ್ತದೆ. ಎಲುಬು ತೊಗಲುಗಳಿಂದ ತೆಗೆದ ಜೆಲಟಿನ್ ನೀರಾದ ಪದಾರ್ಥವನ್ನು ಹೆಪ್ಪುಗಟ್ಟಿಸುತ್ತದೆ. ಇವನ್ನು ಬಿಟ್ಟವನು ಮೊಸರು, ಅಡಿಗೆಸೋಡಗಳಿಂದಲೂ, ಸಮುದ್ರದ ಪಾಚಿಯಿಂದ ತೆಗೆದ ಅಗರ್‌ನಿಂದಲೂ ಅದೇ ಫಲವನ್ನು ಪಡೆಯಬೇಕು. ಒಂದನ್ನು ಬಿಟ್ಟ ಕೈ ಹತ್ತನ್ನು ಕಲಿಯಬೇಕಾಗುತ್ತದೆ. ಆ ವರ್ಷ ಗೆದ್ದ ನಿಕಿತಾ ಗಾಂಧಿ ಎಂಬ ತರುಣಿಯ ಗೆಲವು ಅಗ್ಗದ ಗೆಲವಾಗಿರಲಿಲ್ಲ.

ಇದಾದ ಎಂಟು ವರ್ಷಗಳ ಮೇಲೆ, 2023ರ ಏಳನೆಯ ಆವೃತ್ತಿಯಲ್ಲಿ, ವಿವಾದವು ಇನ್ನೊಂದು ಬಗೆಯಾಗಿ ತಲೆಯೆತ್ತಿತು. ಈ ಸಲ ಮಾಂಸಕ್ಕೆ ನಿಷೇಧವಿರಲಿಲ್ಲ. ಸ್ಪರ್ಧಿಗಳಲ್ಲಿ ಒಬ್ಬ ಗೃಹಿಣಿಯು ಜೈನಮತದ ಆಚಾರದವರಾಗಿದ್ದು, ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟುತ್ತಿರಲಿಲ್ಲ. ಮಿಕ್ಕವರಿಗೆ ಮೀನನ್ನು ಕೊಟ್ಟಾಗ ಆಕೆಗೆ ಪನೀರನ್ನು ಕೊಟ್ಟರು. ಕೂಡಲೇ ಜಾಲತಾಣಗಳಲ್ಲಿ ದೊಡ್ಡ ಕೋಲಾಹಲವೆದ್ದಿತು. ಇದು ಪಕ್ಷಪಾತವೆಂದರು, ಪಂದ್ಯಕ್ಕೆ ಬಂದವರು ಎಲ್ಲವನ್ನೂ ಬೇಯಿಸಬೇಕು, ಆಗದಿದ್ದರೆ ಮನೆಯಲ್ಲಿರಬೇಕೆಂದರು. ಅವರಿಗೆ ಉತ್ತರವಾಗಿ ಮತ್ತೆ ಕೆಲವರು, ಮೀನುಮಾಂಸಗಳನ್ನು ಬೇಯಿಸುವವರೆಲ್ಲರೂ ಕ್ರೂರಿಗಳು, ಅಶುದ್ಧರು ಎಂದು ಜರೆದರು. ಆಕೆ ಗೆಲ್ಲಲಿಲ್ಲ; ಅಸ್ಸಾಮಿನ ನಯನಜ್ಯೋತಿ ಸೈಕಿಯಾ ಎಂಬ ತರುಣರು ಗೆದ್ದರು. ಪಂದ್ಯ ಮುಗಿಯಿತು, ಮಾತು ಮಾತ್ರ ಬಹಳ ದಿನ ಉಳಿಯಿತು.

ಪಕ್ಷಪಾತವೆಂದವರ ಆಕ್ಷೇಪವನ್ನು ತಳ್ಳಿಹಾಕುವದು ನ್ಯಾಯವಲ್ಲ. ಮೀನು ಬಹಳ ನವುರಾದ ಪದಾರ್ಥ. ಬೆಂದುದಕ್ಕೂ ಕೆಟ್ಟುದಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರ. ಪನೀರಿಗೆ ಆ ಭಯವಿಲ್ಲ; ಹುಳಿಯಿಂದ ಒಡೆದ ಹಾಲಿನದಾದುದರಿಂದ ಅದು ಬಿಸಿಗೆ ಕರಗುವದೂ ಇಲ್ಲ. ಆದರೆ ಉಪ್ಪುಖಾರಗಳು ಅದರ ಒಳಗೆ ಸುಲಭವಾಗಿ ಇಳಿಯಲಾರವು, ಹೊತ್ತು ಹೆಚ್ಚಾದರೆ ಅದು ರಬ್ಬರಿನಂತಾಗುವದು ಎಂಬುದೂ ನಿಜವೇ. ಪರೀಕ್ಷೆಗಳು ಬೇರೆಬೇರೆ, ಸರಿಸಮವೆಂದು ತಕ್ಕಡಿಯಲ್ಲಿ ತೂಗಿ ತೋರಿಸಲು ಬರುವದಿಲ್ಲ. ವ್ರತಸ್ಥರಿಗೆ ಏನನ್ನು ಬದಲು ಕೊಡಲಾಗುವದೆಂಬುದನ್ನು ಮೊದಲ ದಿನವೇ ಎಲ್ಲರ ಮುಂದೆ ಸ್ಪಷ್ಟವಾಗಿ ಸಾರಿಬಿಟ್ಟಿದ್ದರೆ ಅರ್ಧ ಜಗಳ ಹುಟ್ಟುತ್ತಿರಲಿಲ್ಲ. ಅದು ನಿಯಮ ಮಾಡುವವರ ಕೆಲಸ. ವ್ರತ ಹಿಡಿದವರ ತಪ್ಪಲ್ಲ.

ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಪಕ್ಕದ ಒಲೆಯ ಮೇಲೆ ಮೀನು ಬೇಯುತ್ತಿರಲು ಆ ತಾಯಿ ತಮ್ಮ ಒಲೆಯ ಮುಂದೆ ತಮ್ಮ ಅಡಿಗೆಯನ್ನು ಮಾಡುತ್ತಿದ್ದರು. ಅವರು ಬೇಡಿದ್ದು ತಮ್ಮ ಕೈಗೆ ಬದಲಿ ಪದಾರ್ಥವನ್ನು ಮಾತ್ರ. ಅವರನ್ನು ಸಮರ್ಥಿಸುವೆವೆಂದು ಹೊರಟು ಮಂದಿಯನ್ನು ಬೈದವರು ಈ ಮರ್ಯಾದೆಯನ್ನು ಕಲಿಯಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಶುದ್ಧಿಯ ಮಾತನ್ನು ಆಡುವಾಗ ನಾವು ಸ್ವಲ್ಪ ಎಚ್ಚರದಿಂದಿರಬೇಕು. ನಮ್ಮ ಮನೆಗಳಲ್ಲಿ ಬಿಸಿರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿ ಬೇಕೇಬೇಕು. ಬಳ್ಳೊಳ್ಳಿಯಿಲ್ಲದ ಶೇಂಗಾಚಟ್ನಿಗೆ ರುಚಿಯೆಲ್ಲಿಯದು? ಆಚಾರವಂತ ಜೈನನಿಗೆ ಇವೆರಡೂ ನಿಷಿದ್ಧ; ಗೆಡ್ಡೆಯನ್ನು ಕೀಳುವಾಗ ಸಾಯುವ ಜೀವಗಳನ್ನು ಅವನು ಲೆಕ್ಕಹಾಕುವನು. ಅವನ ಕಣ್ಣಿನಿಂದ ನೋಡಿದರೆ ನಮ್ಮ ಎಲೆಯೂ ಹಿಂಸೆಯಿಂದ ಪೂರ್ಣವಾಗಿ ಪಾರಾದುದಲ್ಲ. ಆದರೂ ಅವನು ನಮ್ಮನ್ನು ಹೀನಾಯವಾಗಿ ಕಂಡರೆ ನಾವು ಸಹಿಸುವೆವೇ? ನಮಗೆ ಬೇಡವಾದ ಅಳತೆಗೋಲಿನಿಂದ ನಾವು ನೆರೆಯವನನ್ನು ಅಳೆಯುವದು ಹೇಗೆ?

ಶರಣರು ಯಜ್ಞದ ಪಶುಬಲಿಯನ್ನು ಖಂಡಿಸಿದರು, ಹಿಂಸೆಯನ್ನು ಬಿಡಿರೆಂದು ಸಾರಿದರು. ಆದರೆ ಆ ಬೋಧೆಯನ್ನು ಅವರು ಬಾಗಿಲಿಗೆ ಅಗುಳಿಯಾಗಿ ಹಾಕಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರ ಹೆಸರುಗಳನ್ನು ನಾವು ಭಕ್ತಿಯಿಂದ ಎತ್ತುವೆವು; ಅವರ ಕುಲಗಳ ಊಟ ಯಾವುದಿದ್ದಿತೆಂದು ಕೇಳಿ ಶರಣರು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಚೆನ್ನಯ್ಯನ ಅಂಬಲಿಯನ್ನು ಸಾಕ್ಷಾತ್ ಶಿವನೇ ಸವಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. (ಆ ತೀರ್ಪಿನ ಮೇಲೆ ಆಕ್ಷೇಪಣೆಯೆತ್ತಿದ ಪ್ರೇಕ್ಷಕರು ಆ ಕಾಲದಲ್ಲಿಯೂ ಇದ್ದಿರಬೇಕು.) ನಮ್ಮಲ್ಲಿ ಮೂರನೆಯ ಸ್ಥಲವೇ ಪ್ರಸಾದಿಸ್ಥಲ. ಶುದ್ಧ, ಸಿದ್ಧ, ಪ್ರಸಿದ್ಧವೆಂದು ಪ್ರಸಾದವನ್ನು ಮೂರು ಬಗೆಯಾಗಿ ಹೇಳಿ ಅದನ್ನು ಗುರು, ಲಿಂಗ, ಜಂಗಮರಿಗೆ ಸಂಬಂಧಪಡಿಸಿದ್ದಾರೆ. ಪದಾರ್ಥವು ಅರ್ಪಿತವಾಗಿ ಪ್ರಸಾದವಾಗುವದು. ಎಲೆಯಲ್ಲಿರುವದು ಸೊಪ್ಪೋ ಕಾಳೋ ಎಂಬುದರಿಂದಲೇ ಯಾರೂ ಪ್ರಸಾದಿಗಳಾಗಲಾರರು. ಸೊಪ್ಪನ್ನೇ ತಿಂದು ಹೊಟ್ಟೆಬಾಕನಾಗಿ, ಬಡವನ ಎಲೆಯನ್ನು ನೋಡಿ ಮೂಗುಮುರಿಯುವವನು ಯಾವ ಸ್ಥಲದಲ್ಲಿರುವನೋ ತಾವೇ ಹೇಳಬೇಕು.

ಒಂದು ಕಹಿಯಾದ ಮಾತನ್ನು ಆಡಬೇಕಾಗಿದೆ. 2021ರ ಡಿಸೆಂಬರ ತಿಂಗಳಲ್ಲಿ ನಮ್ಮ ಸರಕಾರದವರು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾಮಕ್ಕಳಿಗೆ, ಅಲ್ಲಿಯ ಅಪೌಷ್ಟಿಕತೆಯನ್ನೂ ರಕ್ತಹೀನತೆಯನ್ನೂ ಕಂಡು, ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನು ಕೊಡಲು ಆರಂಭಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಯಹಣ್ಣು. ತರುವಾಯ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಆಗ ನಮ್ಮ ಸಮಾಜದ ಕೆಲವು ಪೂಜ್ಯರೂ ಹಿರಿಯರೂ ಮೊಟ್ಟೆಯನ್ನು ಶಾಲೆಯಿಂದಲೇ ತೆಗೆದುಹಾಕಬೇಕೆಂದು ಒತ್ತಾಯಿಸಿದರು. ಒಂದೇ ಸಾಲಿನಲ್ಲಿ ಕೂತ ಮಕ್ಕಳಲ್ಲಿ ಭೇದ ಹುಟ್ಟುವದೆಂಬ ಅವರ ಅಂಜಿಕೆಯಲ್ಲಿ ಹುರುಳಿಲ್ಲದೆ ಇಲ್ಲ. ಎಳೆಯ ಮಗುವಿಗೆ ಪಕ್ಕದವನ ತಟ್ಟೆಯ ಮೇಲೆ ಆಸೆಯಾಗುವದೂ ಸಹಜ. ಆದರೆ ನಾನು ಅವರಿಗೆ ಕೈಮುಗಿದು ಕೇಳುವದಿಷ್ಟೇ: ಮೀನಿಗೆ ಬದಲು ಪನೀರನ್ನು ಕೊಟ್ಟದ್ದು ಪಂದ್ಯದಲ್ಲಿ ನ್ಯಾಯವಾದರೆ, ಮೊಟ್ಟೆಗೆ ಬದಲು ಬಾಳೆಯಹಣ್ಣನ್ನು ಕೊಟ್ಟದ್ದು ಶಾಲೆಯಲ್ಲಿ ಅನ್ಯಾಯವು ಹೇಗಾದೀತು? ಅಲ್ಲಿ ನಮಗಾಗಿ ಒಂದು ಬದಲಿಯನ್ನು ಬೇಡಿದೆವು. ಇಲ್ಲಿ ಬದಲಿಯು ಕೈಯಲ್ಲಿದ್ದರೂ ಎದುರಿನವರ ತಟ್ಟೆಯನ್ನೇ ಕಸಿಯಲು ಹೊರಟೆವು. ವ್ರತವು ಹಿಡಿದವನನ್ನು ಕಟ್ಟತಕ್ಕದ್ದು. ಬಡವರ ಮಗುವು ತಿನ್ನುವ ಮೊಟ್ಟೆಯನ್ನು ತಪ್ಪಿಸಿದರೆ ನನ್ನ ವ್ರತಕ್ಕೆ ಎಳ್ಳಷ್ಟೂ ಪುಣ್ಯ ಕೂಡುವದಿಲ್ಲ. ಈ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಆದರೂ ಮಠದ ಪ್ರಸಾದವನ್ನುಂಡು ಬೆಳೆದ ಋಣವು ಇದನ್ನು ಇಲ್ಲಿಯೇ ಆಡಿಸುತ್ತದೆ.

ನಮ್ಮ ಮಕ್ಕಳು ಇಂದು ಅಮೇರಿಕ, ಇಂಗ್ಲಂಡ, ಆಸ್ಟ್ರೇಲಿಯಗಳಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿಯ ಭೋಜನಶಾಲೆಗಳಲ್ಲಿ ಅವರಿಗಾಗಿ ಬೇರೆ ಪದಾರ್ಥವನ್ನು ಮಾಡಿಡುವವರು ನಮ್ಮ ಮತದವರಲ್ಲ. ಅವರೆಲ್ಲರೂ ಬಂದವರು ಎಲ್ಲವನ್ನೂ ತಿನ್ನಬೇಕು, ಆಗದಿದ್ದರೆ ಮನೆಯಲ್ಲಿರಬೇಕೆಂದು ಅಂದಿದ್ದರೆ ನಮ್ಮ ಮಕ್ಕಳ ಗತಿಯೇನು? ಅಂಥ ಸೌಜನ್ಯವನ್ನು ಉಂಡು ಬಂದವರು ಊರಲ್ಲಿ ಮನೆ ಬಾಡಿಗೆಗೆ ಕೊಡುವಾಗ ಮೊದಲು ಊಟದ ಜಾತಕವನ್ನು ಕೇಳುವದನ್ನು ನಾವೆಲ್ಲರೂ ಕಂಡಿದ್ದೇವೆ.

ಇಷ್ಟು ಹೇಳಿದೆನೆಂದು ನನಗೆ ಸಸ್ಯಾಹಾರದಲ್ಲಿ ನಿಷ್ಠೆ ಕಡಿಮೆಯೆಂದು ಯಾರೂ ಎಣಿಸಬಾರದು. ನಾವು ಹಿಡಿದದ್ದನ್ನು ಬಿಡಬೇಕಾಗಿಲ್ಲ. ಅದಕ್ಕಾಗಿ ನಾಚಬೇಕಾದುದೂ ಇಲ್ಲ. ಪಂದ್ಯವನ್ನು ನೋಡಿ ನಮ್ಮ ಹುಡುಗಿಯರು ಅಡಿಗೆಯ ಬಗ್ಗೆ ಉತ್ಸಾಹ ತಾಳುತ್ತಿರುವದು ನನಗೆ ಸಂತೋಷದ ಸಂಗತಿಯೇ. ಹುಡುಗರೂ ಒಲೆಯ ಮುಂದೆ ಬಂದರೆ ಇನ್ನೂ ಸಂತೋಷ. ನೂರಾರು ವರ್ಷ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ದುಡಿದ ಕೈಗಳ ಕೌಶಲ್ಯವನ್ನು ಹತ್ತು ಜನರ ಮುಂದೆ ಕೌಶಲ್ಯವೆಂದು ಒಪ್ಪಿಕೊಂಡದ್ದು ಈ ಪಂದ್ಯಗಳು ಮಾಡಿದ ಉಪಕಾರ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ನಮ್ಮಲ್ಲಿ ಅನೇಕರಿರುವರು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ, ಮಾದಲಿಗಳು ಬಂಡಿಗಟ್ಟಲೆ ಬರುವವು. ಕೇರಿಕೇರಿಯ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಬಡಿದು, ಒಣಗಿಸಿ, ಒಟ್ಟಿ ಕಳಿಸಿದ ಆ ರಾಶಿಯಲ್ಲಿ ಯಾವ ರೊಟ್ಟಿ ಯಾರ ಕೈಯದು, ಆ ಮನೆಯಲ್ಲಿ ನಿನ್ನೆ ಏನು ಬೆಂದಿದ್ದಿತು ಎಂದು ಯಾರೂ ಕೇಳುವದಿಲ್ಲ. ಉಣ್ಣಲು ಕೂತವನ ಕುಲವನ್ನೂ ಕೇಳುವದಿಲ್ಲ. ನಮ್ಮ ಶ್ರೀಮಠದ ಕೊಟ್ಟಿಗೆಯಲ್ಲಿಯೂ ಮೂರು ದಿನದಿಂದ ಅಂಥ ತಾಯಂದಿರು ಹಂಚಿನ ಮುಂದೆ ಕೂತಿದ್ದಾರೆ. ಅವರಲ್ಲಿ ಒಬ್ಬರೂ ಈ ಸಭೆಗೆ ಬಂದು ಕೂರಲು ಬಿಡುವಾಗಿಲ್ಲ. ದಾಸೋಹಕ್ಕೆ ಎಲೆಹಾಕುವ ಹೊತ್ತಾಯಿತೆಂದು ವ್ಯವಸ್ಥಾಪಕರು ಬಾಗಿಲಲ್ಲಿ ನಿಂತು ಸೂಚಿಸುತ್ತಿರುವರಾದುದರಿಂದ, ನನ್ನ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇನೆ.