ಒಳಗಿನ ಬೆಳಕು, ಪಕ್ಕದ ಹಾಸಿಗೆಗೂ



ಸಿರಿಗೆರೆ ಎಂದೊಡನೆ ‘ತರಳಬಾಳು’ ಎಂಬ ಹೆಸರು ನೆನಪಿಗೆ ಬರುತ್ತದೆ. 12ನೆಯ ಶತಮಾನದ ವಿಶ್ವಬಂಧು ಮರುಳಸಿದ್ಧರು ತಮ್ಮ ಶಿಷ್ಯನನ್ನು ‘ತರಳಾ, ಬಾಳು’ ಎಂದು ಹರಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ತರಳ ಎಂದರೆ ಮಗು. ‘ಮಗೂ, ಚೆನ್ನಾಗಿ ಬಾಳು’ ಎಂಬುದೇ ಅದರ ಅರ್ಥ. ಕಾಯಿಲೆಯಿಂದ ನೊಂದ ಜೀವಕ್ಕೆ ಇದಕ್ಕಿಂತ ಹಿತವಾದ ಮಾತು ಬೇರೆ ಯಾವುದಿದೆ?

‘ನಾವೇ ಕಷ್ಟದಲ್ಲಿದ್ದೇವೆ, ಇನ್ನೊಬ್ಬರಿಗೆ ಏನು ಕೊಡೋಣ?’ ಎಂದು ನೀವು ಕೇಳಬಹುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೆನೆಯಿರಿ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಕ್ಕೆ ಹಾಕಿ ಬರುವಂತೆ ಲಕ್ಕಮ್ಮ ತಿಳಿಹೇಳಿದಳು. ಅಂದಂದಿನ ಅಕ್ಕಿಯಲ್ಲಿಯೇ ಆ ಬಡ ದಂಪತಿಗಳ ದಾಸೋಹ ನಡೆಯುತ್ತಿತ್ತು. ಕೊಡುವುದಕ್ಕೆ ಸಿರಿತನ ಬೇಕಿಲ್ಲ. ಬೇಕಾದದ್ದು ಲಕ್ಕಮ್ಮನಲ್ಲಿದ್ದ ಅರಿವು. ಆ ಅರಿವೇ ಒಳಗಿನ ಬೆಳಕು.

ಈ ವಾರ್ಡಿನಲ್ಲಿಯೇ ಅಂಥ ದಾಸೋಹಕ್ಕೆ ಎಷ್ಟೊಂದು ಅವಕಾಶಗಳಿವೆ! ಪಕ್ಕದ ಹಾಸಿಗೆಯ ಅಜ್ಜಿಯನ್ನು ನೋಡಲು ಯಾರೂ ಬಂದಿಲ್ಲ. ‘ರಾತ್ರಿ ನಿದ್ದೆ ಬಂತೇನಮ್ಮಾ?’ ಎಂದು ಕೇಳಿ. ಓದು ಬಾರದವರಿಗೆ ಚೀಟಿ ಓದಿ ಹೇಳಿ, ರಕ್ತಪರೀಕ್ಷೆಯ ಕೋಣೆಯವರೆಗೆ ಜೊತೆಗೆ ಹೋಗಿ. ನರಳುವವರ ಹತ್ತಿರ ಮೊಬೈಲಿನಲ್ಲಿ ಗಟ್ಟಿಯಾಗಿ ಮಾತನಾಡಬೇಡಿ. ನೆಲ ಒರೆಸುವ ತಾಯಿಯನ್ನು ‘ಏ’ ಎನ್ನದೆ ‘ಅಮ್ಮಾ’ ಎಂದು ಕರೆಯಿರಿ. ಇದಕ್ಕೆಲ್ಲ ಒಂದು ಪೈಸೆಯೂ ಖರ್ಚಿಲ್ಲ.

ಆದರೆ ದಯೆಗೆ ಅರಿವಿನ ಕಣ್ಣಿರಬೇಕು. ಶಸ್ತ್ರಚಿಕಿತ್ಸೆಗಾಗಿ ಉಪವಾಸವಿರುವವರಿಗೆ ಕನಿಕರದಿಂದ ಏನನ್ನಾದರೂ ತಿನ್ನಿಸಿದರೆ, ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ‘ನನಗೆ ಇದರಿಂದ ವಾಸಿಯಾಯಿತು’ ಎಂದು ನಿಮ್ಮ ಮಾತ್ರೆಯನ್ನು ಬೇರೆಯವರಿಗೆ ಕೊಡಬೇಡಿ. ಡ್ರಿಪ್ ಮುಗಿಯುತ್ತಾ ಬಂದರೆ ನೀವೇ ಮುಟ್ಟದೆ ನರ್ಸಮ್ಮನನ್ನು ಕರೆಯಿರಿ. ಕೊಡುವ ಮುನ್ನ ಕೇಳುವುದೂ ದಯೆಯೇ.

ರೋಗಿಗಳ ಜೊತೆಗೆ ಬಂದವರಿಗೆ ಇನ್ನೊಂದು ಮಾತು. ನಿದ್ದೆಗೆಟ್ಟು, ದುಡ್ಡಿಗೆ ಅಲೆದು ನೀವೂ ಬಳಲಿದ್ದೀರಿ. ಆದರೂ ಖರ್ಚಿನ ಲೆಕ್ಕವನ್ನು ರೋಗಿಯ ತಲೆದಿಂಬಿನ ಬಳಿ ಹಾಕಬೇಡಿ. ಕಣ್ಣು ಮುಚ್ಚಿ ಮಲಗಿದವರಿಗೂ ಕಿವಿ ಕೇಳಿಸುತ್ತಿರುತ್ತದೆ. ‘ನಾನು ಮಕ್ಕಳಿಗೆ ಹೊರೆಯಾದೆ’ ಎಂಬ ಕೊರಗು ಹತ್ತಿದರೆ ಊಟ ಸೇರದು, ಮಾತ್ರೆ ನುಂಗುವ ಮನಸ್ಸೂ ಬಾರದು. ದುಡಿದು ಸವೆದ ಆ ಕೈಯನ್ನು ಒಂದು ಗಳಿಗೆ ಹಿಡಿದು ಕುಳಿತುಕೊಳ್ಳಿ. ನಿಮಗೇ ಸುಸ್ತಾದರೆ ಅಣ್ಣನನ್ನೋ ತಂಗಿಯನ್ನೋ ಕರೆಸಿ, ಸರದಿಯ ಮೇಲೆ ಇರಿ. ನಿಮ್ಮ ದೇಹವೂ ದಯೆಗೆ ಪಾತ್ರವೇ.

ರೋಗಿಗಳೇ, ನೀವೂ ಬರಿಗೈಯವರಲ್ಲ. ನಾಳೆ ಶಸ್ತ್ರಚಿಕಿತ್ಸೆ ಎಂದು ಹೆದರಿ ಕುಳಿತವರಿಗೆ, ಅದನ್ನು ದಾಟಿ ಬಂದ ನೀವು ಆಡುವ ಧೈರ್ಯದ ಮಾತನ್ನು ಬೇರೆ ಯಾರೂ ನಿಮ್ಮಷ್ಟು ಅನುಭವದಿಂದ ಆಡಲಾರರು.

ಮುಂದೆ ನೀವು ಗುಣಮುಖರಾಗಿ ಮನೆಗೆ ಹೋಗುತ್ತೀರಿ. ಇಲ್ಲಿ ಹಚ್ಚಿಕೊಂಡ ಬೆಳಕನ್ನು ಇಲ್ಲಿಯೇ ಬಿಟ್ಟುಹೋಗಬೇಡಿ. ನಿಮ್ಮ ಓಣಿಯಲ್ಲಿ ಒಂಟಿಯಾಗಿ ಕಾಯಿಲೆ ಮಲಗಿದವರ ಬಾಗಿಲನ್ನು ಒಮ್ಮೆ ತಟ್ಟಿರಿ. ‘ಬಾಳು’ ಎಂಬ ಹರಕೆ ಆಗ ನಿಮ್ಮ ನಡೆಯಲ್ಲಿ ಕಾಣುತ್ತದೆ.

ಎಲ್ಲರೂ ಬೇಗ ಗುಣಮುಖರಾಗಿರಿ.