ಕರುಳಿನ ಬಿಸಿ ಓದೋ ಕ್ಯಾಮೆರಾ

ಹಳೇ ಹರ್ನಿಯಾ ಇರೋ ಒಬ್ಬ ಹಿರಿಯರನ್ನ ಊಹಿಸಿಕೊಳ್ಳಿ. ತೊಡೆಸಂದಿನ ಗಂಟು. ಎದ್ದು ನಿಂತ್ರೆ ಹೊರಗೆ ಬರ್ತಿತ್ತು, ಮಲಗಿದ್ರೆ ಒಳಗೆ ಹೋಗ್ತಿತ್ತು. ಒಂದು ರಾತ್ರಿ ಬಂದಿದ್ದು ಒಳಗೆ ಹೋಗಲೇ ಇಲ್ಲ. ನೋವು, ವಾಂತಿ. ಆಪರೇಷನ್ ಟೇಬಲ್ ಮೇಲೆ ಬಿಚ್ಚಿ ನೋಡಿದ್ರೆ ಒಂದು ಗೇಣು ಕರುಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಸರ್ಜನ್ ಈಗ ತೀರ್ಮಾನ ಮಾಡಬೇಕು: ಈ ಕರುಳು ಬದುಕುತ್ತಾ, ಕತ್ತರಿಸಿ ತೆಗೀಬೇಕಾ?

ಬಿಟ್ಟು, ಅದು ಸತ್ತರೆ, ತೂತು ಬಿದ್ದು ಹೊಟ್ಟೆ ತುಂಬ ಸೋಂಕು. ತೆಗೆದ್ರೆ, ಉಳಿದ ಎರಡು ತುದಿ ಸೇರಿಸಿ ಹೊಲೀಬೇಕು. ಆ ತುದಿಗಳಿಗೆ ರಕ್ತ ಸಾಲದಿದ್ರೆ ಹೊಲಿಗೆ ಬಿಟ್ಟುಕೊಂಡು ಸೋರುತ್ತೆ. ಅದೂ ಅವತ್ತೇ ಅಲ್ಲ. ಎಷ್ಟೋ ಸಲ ಐದಾರು ದಿನ ಕಳೆದು, ಮನೆಯವರು ಡಿಸ್ಚಾರ್ಜ್ ಯಾವಾಗ ಅಂತ ಕೇಳೋಕೆ ಶುರು ಮಾಡಿದ ಹೊತ್ತಿಗೆ.

ಹಾಗಾದ್ರೆ ಸರ್ಜನ್ ಹೇಗೆ ನಿರ್ಧರಿಸ್ತಾರೆ? ಬಹುತೇಕ ಕಣ್ಣಳತೆಯಲ್ಲಿ. ಬಣ್ಣ, ಹೊಳಪು, ಮೆಲ್ಲಗೆ ಮುಟ್ಟಿದ್ರೆ ಅಲೆಯ ಹಾಗೆ ಚಲಿಸುತ್ತಾ, ರಕ್ತನಾಳ ಮಿಡಿಯುತ್ತಾ, ಕತ್ತರಿಸಿದ ತುದಿಯಲ್ಲಿ ಕೆಂಪು ರಕ್ತ ಜಿನುಗುತ್ತಾ. ಅನುಮಾನ ಬಂದ್ರೆ, ಬಿಸಿ ಸಲೈನ್‌ನಲ್ಲಿ ಅದ್ದಿದ ಬಟ್ಟೆಯನ್ನ ಕರುಳಿಗೆ ಸುತ್ತಿ, ರೋಗಿಗೆ ಆಕ್ಸಿಜನ್ ಹೆಚ್ಚು ಕೊಡಿಸಿ, ಸುಮಾರು ಹತ್ತು ನಿಮಿಷ ಕಾಯೋದು. ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ನಮಗೆ ಒಂದು ಅಗುಳು ಸಾಕು. ಕರುಳಿನಲ್ಲಿ ಆ ಲೆಕ್ಕ ನಡೆಯಲ್ಲ. ಈ ಅಂಗುಲಕ್ಕೆ ರಕ್ತ ಚೆನ್ನಾಗಿ ಬರ್ತಿರುತ್ತೆ, ಪಕ್ಕದ ಅಂಗುಲಕ್ಕೆ ಬರ್ತಿರಲ್ಲ. ದೊಡ್ಡ ಕರುಳು ಗುಲ್ಮದ ಹತ್ತಿರ ತಿರುಗೋ ಜಾಗ ಇದೆಯಲ್ಲ, ಅಲ್ಲಿ ಎರಡು ಮುಖ್ಯ ರಕ್ತನಾಳಗಳ ಸರಹದ್ದು ಸೇರುತ್ತೆ. ಎರಡು ಕಾಲುವೆಗಳ ಕೊನೇ ಗದ್ದೆಯ ಹಾಗೆ, ನೀರು ಕಮ್ಮಿಯಾದ್ರೆ ಮೊದಲು ಒಣಗೋದು ಅದೇ.

ಇಲ್ಲಿಗೆ ಥರ್ಮಲ್ ಕ್ಯಾಮೆರಾ ಬರುತ್ತೆ. ಕೋವಿಡ್ ಕಾಲದಲ್ಲಿ ಏರ್‌ಪೋರ್ಟ್‌ನಲ್ಲಿ ನಮ್ಮ ಮುಖಕ್ಕೆ ಹಿಡೀತಿದ್ರಲ್ಲ, ಅದೇ ಜಾತಿ. ಬೆಚ್ಚಗಿರೋ ಯಾವ ವಸ್ತುವಾದ್ರೂ ಕಣ್ಣಿಗೆ ಕಾಣದ ಅವಗೆಂಪು ಕಿರಣ ಹೊರಸೂಸುತ್ತೆ. ಇಂಥ ಕಿರಣ ಇದೆ ಅಂತ ವಿಲಿಯಂ ಹರ್ಷೆಲ್ 1800ರಲ್ಲಿ ಕಂಡುಕೊಂಡಿದ್ದು ಪಟ್ಟಕ, ಥರ್ಮಾಮೀಟರ್ ಇಟ್ಟುಕೊಂಡು. ನಮ್ಮ ದೇಹದ ಬಿಸಿಗೆ ಆ ಕಿರಣ ಸುಮಾರು 9 ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿ ಅತಿ ಹೆಚ್ಚು. ಕ್ಯಾಮೆರಾ ಹಿಡಿಯೋದು ಅದನ್ನೇ.

ಹೊಟ್ಟೆ ತೆರೆದ ಕೂಡಲೇ ಕರುಳು ಥಿಯೇಟರಿನ ಎಸಿ ಗಾಳಿಗೆ ತಣ್ಣಗಾಗೋಕೆ ಶುರು. ಅದನ್ನ ಮತ್ತೆ ಬೆಚ್ಚಗಿಡೋದು ಒಳಗಿಂದ ಬರೋ 37 ಡಿಗ್ರಿಯ ರಕ್ತ. ರಕ್ತ ನಿಂತ ತುಂಡಿಗೆ ಆ ಬಿಸಿ ಸಿಗಲ್ಲ. ಹಾಗಾಗಿ ಸ್ಕ್ರೀನ್ ಮೇಲೆ ಅದು ಪಕ್ಕದ ಕರುಳಿಗಿಂತ ಕಪ್ಪಗೆ, ಇಲ್ಲಾ ನೀಲಿಯಾಗಿ ಕಾಣುತ್ತೆ. ಇಂಜೆಕ್ಷನ್ ಬೇಡ, ಮುಟ್ಟೋದೂ ಬೇಡ, ಎಷ್ಟು ಸಲ ಬೇಕಾದ್ರೂ ನೋಡಬಹುದು.

ಕೇಳೋಕೆ ಚೆನ್ನಾಗಿದೆ. ಆದ್ರೆ ಕ್ಯಾಮೆರಾ ನೋಡ್ತಿರೋದು ರಕ್ತವನ್ನಲ್ಲ, ಬಿಸಿಯನ್ನ. ಬಿಸಿಗೆ ಬೇರೆ ಕಾರಣಗಳೂ ಇರ್ತವೆ. ಒದ್ದೆ ಮೈ ಆವಿಯಾಗ್ತಾ ತಣ್ಣಗಾಗುತ್ತೆ, ರಕ್ತ ಚೆನ್ನಾಗಿದ್ರೂ. ಮೇಲೊಂದು ಪದರ ನೀರು ನಿಂತಿದ್ರೆ ಕಾಣೋದು ನೀರಿನ ಬಿಸಿ. ಸರ್ಜನ್ ಕೈ ಹಿಡಿದಿದ್ದ ಜಾಗ ಬೆಚ್ಚಗೆ ಹೊಳೆಯುತ್ತೆ. ಇದೆಲ್ಲಕ್ಕಿಂತ ತಮಾಷೆ ಅಂದ್ರೆ, ಆಗ ಹೇಳಿದ್ನಲ್ಲ ಬಿಸಿ ಬಟ್ಟೆ, ಅದನ್ನ ತೆಗೆದ ತಕ್ಷಣ ನೋಡಿದ್ರೆ ಸತ್ತ ಕರುಳೂ ಬೆಚ್ಚಗೇ ಕಾಣುತ್ತೆ! ಹಳೇ ಪರೀಕ್ಷೆಯೇ ಹೊಸ ಪರೀಕ್ಷೆಗೆ ಮಣ್ಣೆರಚುತ್ತೆ.

ಅದಕ್ಕೇ ಒಂದು ಫೋಟೋ ನಂಬಿ ಕತ್ತರಿಸೋದು ನನ್ನ ಪ್ರಕಾರ ತಪ್ಪು. ಎಷ್ಟು ಡಿಗ್ರಿ ಅನ್ನೋದಕ್ಕಿಂತ ಪಕ್ಕದ ಕರುಳಿಗಿಂತ ಎಷ್ಟು ಕಮ್ಮಿ, ನಿಮಿಷ ಕಳೆದ ಹಾಗೆ ಇಳೀತಿದೆಯಾ, ಏರ್ತಿದೆಯಾ ಅನ್ನೋದೇ ಮುಖ್ಯ. ಗಡಿ ಕೂಡ ಮಬ್ಬು. ಜೀವಂತ ಕರುಳಿನ ಬಿಸಿ ಪಕ್ಕದ ಸತ್ತ ತುಂಡಿಗೆ ಸ್ವಲ್ಪ ದೂರ ಹರಿದಿರುತ್ತೆ.

ಸಣ್ಣ ತೂತಿನಿಂದ ದುರ್ಬೀನು ತೂರಿಸಿ ಮಾಡೋ ಲ್ಯಾಪರೋಸ್ಕೋಪಿಯಲ್ಲಿ ಇನ್ನೊಂದು ತೊಡಕು. ಈ ಕಿರಣ ಮಾಮೂಲಿ ಗಾಜಿನ ಮೂಲಕ ಹಾಯಲ್ಲ. ಜರ್ಮೇನಿಯಂನಂಥ ದುಬಾರಿ ವಸ್ತುವಿನ ಲೆನ್ಸ್ ಬೇಕು. ಆದ್ದರಿಂದ ಇರೋ ದುರ್ಬೀನಿಗೆ ಥರ್ಮಲ್ ಕ್ಯಾಮೆರಾ ಸಿಕ್ಕಿಸಿದ್ರೆ ಏನೂ ಕಾಣಲ್ಲ.

ಸದ್ಯಕ್ಕೆ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಬೇರೊಂದು: ಐಸಿಜಿ ಅನ್ನೋ ಹಸಿರು ಬಣ್ಣ. ರಕ್ತನಾಳಕ್ಕೆ ಕೊಟ್ರೆ ರಕ್ತ ಹೋದ ಕಡೆಯೆಲ್ಲ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತೆ. ರಕ್ತವನ್ನ ನೇರವಾಗಿ ಹಿಂಬಾಲಿಸೋದ್ರಿಂದ ಅದೇ ಮುಂದಿದೆ. ಆದ್ರೆ ಅಯೋಡಿನ್ ಅಲರ್ಜಿ ಇರೋರಿಗೆ ಎಚ್ಚರಿಕೆ ಬೇಕು, ಕ್ಯಾಮೆರಾ ದುಬಾರಿ. ಥರ್ಮಲ್ ಇನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ. ಮೊಬೈಲಿಗೆ ಸಿಕ್ಕಿಸೋ ಥರ್ಮಲ್ ಕ್ಯಾಮೆರಾಗಳು 2014ರಿಂದ ಮಾರುಕಟ್ಟೆಯಲ್ಲಿರೋದ್ರಿಂದ, ಹೊಟ್ಟೆ ತೆರೆದು ಮಾಡೋ ಆಪರೇಷನ್‌ಗಳಲ್ಲಿ, ಸಣ್ಣ ಊರಿನ ಆಸ್ಪತ್ರೆಗೂ ಇದು ಎಟುಕೀತು ಅನ್ನೋದೇ ನನಗೆ ಆಸೆ ಹುಟ್ಟಿಸೋ ವಿಷಯ.

ಅಲ್ಲೀವರೆಗೆ, ನಿಮ್ಮ ಮನೆಯಲ್ಲಿ ಹರ್ನಿಯಾ ಇರೋರು ಯಾರಾದ್ರೂ ಇದ್ರೆ ಇಷ್ಟು ನೆನಪಿಡಿ. ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ವಾಂತಿ ಶುರುವಾದ್ರೆ, ಬೆಳಗಾಗಲಿ ಅಂತ ಕಾಯಬೇಡಿ. ರಕ್ತ ನಿಂತ ಕರುಳಿಗೆ ಇರೋದು ಕೆಲವೇ ಗಂಟೆ. ಆ ರಾತ್ರಿಯೇ ಹೊರಡಿ.