ಗ್ರಂಥಾಲಯದ ಬೀಗ ಮತ್ತು ಕೌಂಟಿಯ ಬೊಕ್ಕಸ



ಪರೀಕ್ಷೆಯ ದಿನಗಳಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಓದಿದವರು ನಿಮ್ಮಲ್ಲಿ ಹಲವರು ಇರಬಹುದು. ಮನೆ ಚಿಕ್ಕದು, ಜನ ಹೆಚ್ಚು. ಅಂಥವರಿಗೆ ಗ್ರಂಥಾಲಯದ ಆ ಒಂದು ಬೆಂಚು ದೊಡ್ಡ ಆಸರೆ. ಒಂದು ಬೆಳಿಗ್ಗೆ ಅದರ ಬಾಗಿಲಿಗೆ ಬೀಗ ಬಿದ್ದಿದ್ದರೆ ನಿಮಗೆ ಮೊದಲು ಹೊಳೆಯುವ ಪ್ರಶ್ನೆ, ಇದನ್ನು ಮುಚ್ಚಿದವರು ಯಾರು ಎಂಬುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಮುಚ್ಚುವ ಮುನ್ನ ಅವರು ಯಾರನ್ನು ಕೇಳಿದರು? ಈ ಎರಡನೆಯ ಪ್ರಶ್ನೆ ಒಂದು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಪ್ರಸಂಗವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದು ನಡೆದದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಎಂಬ ಕೌಂಟಿಯಲ್ಲಿ, 2018ನೆಯ ಇಸವಿಯಲ್ಲಿ.

ಮೊದಲು ಕೌಂಟಿ ಎಂದರೇನು ಎಂಬುದನ್ನು ತಿಳಿಯೋಣ. ಅದು ಹೆಚ್ಚು ಕಡಿಮೆ ನಮ್ಮ ಜಿಲ್ಲೆಗೆ ಸಮನಾದ ಪ್ರದೇಶ. ಆದರೆ ಅಲ್ಲಿ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ ಇಲ್ಲ. 1888ರ ಕಾಯ್ದೆಯೊಂದರ ಮೂಲಕ ಜನರಿಂದ ಆಯ್ಕೆಯಾದ ಕೌಂಟಿ ಕೌನ್ಸಿಲ್‌ಗಳು ಹುಟ್ಟಿಕೊಂಡವು. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಹಾಗೂ ಅಂಗವಿಕಲರ ಆರೈಕೆ, ಅನಾಥ ಮಕ್ಕಳ ರಕ್ಷಣೆ ಮುಂತಾದವು ಈ ಕೌನ್ಸಿಲ್‌ಗಳ ಹೊಣೆ. ನಾರ್ಥಾಂಪ್ಟನ್‌ಶೈರ್ ಇಂಗ್ಲೆಂಡಿನ ನಡುಭಾಗದ ಕೌಂಟಿ. ಚರ್ಮದ ಬೂಟುಗಳ ತಯಾರಿಕೆಗೆ ಹೆಸರಾದ ನಾಡು ಅದು. 2011ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 7 ಲಕ್ಷ ಜನರಿದ್ದರು. ಕೌಂಟಿ ಕೌನ್ಸಿಲಿನ ಕೆಳಗೆ 7 ಸಣ್ಣ ಸ್ಥಳೀಯ ಕೌನ್ಸಿಲ್‌ಗಳಿದ್ದು, ಕಸ ಎತ್ತುವುದು, ವಸತಿ ಇತ್ಯಾದಿ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವು.

ಇಷ್ಟೆಲ್ಲಕ್ಕೂ ಹಣ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಮೂರು ಮೂಲಗಳಿಂದ. ಮೊದಲನೆಯದು ಪ್ರತಿ ಮನೆಯೂ ಕೊಡುವ ಕೌನ್ಸಿಲ್ ತೆರಿಗೆ. ಎರಡನೆಯದು ಅಂಗಡಿ, ಕಾರ್ಖಾನೆ, ಕಚೇರಿಗಳ ಕಟ್ಟಡಗಳ ಮೇಲಿನ ತೆರಿಗೆಯಲ್ಲಿ ಒಂದು ಪಾಲು. ಮೂರನೆಯದು ಲಂಡನ್ನಿನ ಕೇಂದ್ರ ಸರ್ಕಾರ ಕೊಡುವ ಅನುದಾನ. ಅನುದಾನದಲ್ಲಿಯೂ ಎರಡು ಬಗೆ. ಕೆಲವನ್ನು ಇಂಥ ಕೆಲಸಕ್ಕೇ ಬಳಸಬೇಕೆಂದು ಮೊದಲೇ ಗೆರೆ ಎಳೆದು ಕೊಡಲಾಗುತ್ತದೆ. ಉಳಿದದ್ದನ್ನು ಕೌನ್ಸಿಲ್ ತನ್ನ ವಿವೇಚನೆಯಂತೆ ಹಂಚಿಕೊಳ್ಳಬಹುದು.

2010ರ ನಂತರ ಬ್ರಿಟಿಷ್ ಸರ್ಕಾರ ಮಿತವ್ಯಯದ ನೀತಿಯನ್ನು ಕೈಗೊಂಡಿತು. 2010-11ರಿಂದ 2017-18ರವರೆಗಿನ ಅವಧಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರದಿಂದ ಬರುವ ಹಣ, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ, ಶೇಕಡಾ 49.1ರಷ್ಟು ಇಳಿಯಿತೆಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ಅಂದರೆ ಸರಿಸುಮಾರು ಅರ್ಧಕ್ಕೆ ಅರ್ಧ! ಅದೇ ಕಾಲದಲ್ಲಿ ವೃದ್ಧರ ಸಂಖ್ಯೆ ಏರುತ್ತಿತ್ತು, ಆರೈಕೆಯ ವೆಚ್ಚವೂ ಏರುತ್ತಿತ್ತು.

ಅನುದಾನ ಇಳಿದರೆ ತೆರಿಗೆ ಏರಿಸಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಕಡಿವಾಣವಿತ್ತು. ಸರ್ಕಾರ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಾಗಿ ತೆರಿಗೆ ಏರಿಸಬೇಕಾದರೆ ಕೌನ್ಸಿಲ್ ಆ ಪ್ರದೇಶದ ಜನಮತ ಸಂಗ್ರಹಿಸಬೇಕೆಂದು 2011ರ ಕಾಯ್ದೆ ವಿಧಿಸಿತು. ಮಾತ್ರವಲ್ಲ, ತೆರಿಗೆ ಏರಿಸದೆ ಇದ್ದ ಕೌನ್ಸಿಲ್‌ಗಳಿಗೆ ಸರ್ಕಾರ ಕೆಲವು ವರ್ಷ ವಿಶೇಷ ಅನುದಾನವನ್ನೂ ಕೊಟ್ಟಿತು. ನಾರ್ಥಾಂಪ್ಟನ್‌ಶೈರ್ ಕೌನ್ಸಿಲ್ ತನ್ನ ತೆರಿಗೆಯನ್ನು ತಗ್ಗಿನಲ್ಲಿಯೇ ಇರಿಸಿಕೊಂಡಿತು. ಮತದಾರರಿಗೆ ಇದು ಹಿತವಾಗಿಯೇ ಇತ್ತು. ಆದರೆ ಇದರ ಗಣಿತವನ್ನು ನೋಡಿ. 100 ರೂಪಾಯಿಯ ತೆರಿಗೆಯನ್ನು ನಾಲ್ಕು ವರ್ಷ ಶೇಕಡಾ 3ರಂತೆ ಏರಿಸುತ್ತ ಬಂದರೆ ಅದು 112 ರೂಪಾಯಿ 55 ಪೈಸೆ ಆಗುತ್ತದೆ. ಏರಿಸದಿದ್ದರೆ 100ರಲ್ಲಿಯೇ ನಿಲ್ಲುತ್ತದೆ. ಐದನೆಯ ವರ್ಷ ಎಚ್ಚೆತ್ತರೂ ಲೆಕ್ಕ ಆರಂಭವಾಗುವುದು 100ರಿಂದಲೇ. ಬಿಟ್ಟುಹೋದ ಆ ಹನ್ನೆರಡೂವರೆ ರೂಪಾಯಿ ಮುಂದಿನ ಪ್ರತಿ ವರ್ಷವೂ ಕೊರತೆಯಾಗಿ ಕಾಡುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ನಮ್ಮ ಗಾದೆ. ಇಂಗ್ಲೆಂಡಿನ ಕಾನೂನೂ ಕೌನ್ಸಿಲ್‌ಗಳಿಗೆ ಇದನ್ನೇ ಹೇಳುತ್ತದೆ. ದಿನನಿತ್ಯದ ಖರ್ಚಿಗಾಗಿ ಅವು ಸಾಲ ಮಾಡುವಂತಿಲ್ಲ, ಆಯವ್ಯಯ ಸರಿತೂಗಲೇಬೇಕು. ನಾರ್ಥಾಂಪ್ಟನ್‌ಶೈರ್ ಕೌನ್ಸಿಲ್ ವರ್ಷದಿಂದ ವರ್ಷಕ್ಕೆ ತನ್ನ ಅಂದಾಜನ್ನು ಮೀರಿ ಖರ್ಚು ಮಾಡಿತು. ತನ್ನ ಸೇವೆಗಳನ್ನು ಹೊರಗಿನ ಸಂಸ್ಥೆಗಳಿಗೆ ವಹಿಸಿ ತಾನು ಸಣ್ಣ ಕಚೇರಿಯಾಗಿ ಉಳಿಯುವ ಹೊಸ ಯೋಜನೆಯೊಂದನ್ನು ನಂಬಿತು. ಅದರಿಂದ ನಿರೀಕ್ಷಿಸಿದ ಉಳಿತಾಯ ಕೈಗೆ ಬರಲಿಲ್ಲ. ಆಸ್ತಿ ಮಾರಿ ಬಂದ ಹಣವನ್ನೂ ಕೂಡಿಟ್ಟ ನಿಧಿಯನ್ನೂ ನಿತ್ಯದ ಖರ್ಚಿನ ತೂತು ಮುಚ್ಚಲು ಬಳಸಿತು. ಬಿತ್ತನೆಗೆ ಇಟ್ಟ ಭತ್ತವನ್ನು ಕುಟ್ಟಿ ಅನ್ನ ಮಾಡಿದಂತೆ. ಈ ವರ್ಷದ ಹಸಿವೇನೋ ಹಿಂಗುತ್ತದೆ, ಮುಂದಿನ ವರ್ಷ ಬಿತ್ತಲು ಏನಿರುತ್ತದೆ?

ಇದರ ನಡುವೆ 2017ರ ಅಕ್ಟೋಬರಿನಲ್ಲಿ ಕೌನ್ಸಿಲಿನ ಹೊಸ ಕೇಂದ್ರ ಕಚೇರಿ ಉದ್ಘಾಟನೆಯಾಯಿತು. ಅದರ ವೆಚ್ಚ 5.3 ಕೋಟಿ ಪೌಂಡ್. ಹಲವು ಹಳೆಯ ಕಚೇರಿಗಳನ್ನು ಒಂದೇ ಸೂರಿನಡಿ ತಂದರೆ ಖರ್ಚು ಉಳಿಯುತ್ತದೆ ಎಂಬುದು ಕೌನ್ಸಿಲಿನ ವಾದವಾಗಿತ್ತು. ಕೆಲವೇ ತಿಂಗಳಲ್ಲಿ, ಅಂದರೆ 2018ರಲ್ಲಿ, ಅದೇ ಕಟ್ಟಡವನ್ನು 6.4 ಕೋಟಿ ಪೌಂಡಿಗೆ ಮಾರಿ, ಅದರಲ್ಲಿಯೇ ಬಾಡಿಗೆಗೆ ಕೂರಬೇಕಾಯಿತು.

2018ರ ಫೆಬ್ರವರಿ 2ರಂದು ಕೌನ್ಸಿಲಿನ ಮುಖ್ಯ ಹಣಕಾಸು ಅಧಿಕಾರಿ 114ನೆಯ ಸೆಕ್ಷನ್ ನೋಟೀಸು ಹೊರಡಿಸಿದರು. ಇದು 1988ರ ಸ್ಥಳೀಯ ಸರ್ಕಾರಗಳ ಹಣಕಾಸು ಕಾಯ್ದೆಯ ಒಂದು ವಿಧಿ. ವರ್ಷದ ಖರ್ಚು ವರ್ಷದ ಆದಾಯವನ್ನು ಮೀರುವುದು ಕಂಡುಬಂದರೆ ಆ ಅಧಿಕಾರಿ ಅದನ್ನು ಬಹಿರಂಗವಾಗಿ ಸಾರಲೇಬೇಕು. ಚುನಾಯಿತ ಸದಸ್ಯರ ಒಪ್ಪಿಗೆ ಅದಕ್ಕೆ ಬೇಕಿಲ್ಲ. ನೋಟೀಸು ಹೊರಟ 21 ದಿನಗಳೊಳಗೆ ಕೌನ್ಸಿಲ್ ಸಭೆ ಸೇರಿ ಅದನ್ನು ಚರ್ಚಿಸಬೇಕು. ಅಲ್ಲಿಯವರೆಗೆ ಕಾನೂನಿನ ಹೊಣೆಗಳನ್ನು ಬಿಟ್ಟು ಬೇರೆ ಯಾವ ಹೊಸ ಖರ್ಚೂ ಇಲ್ಲ. ಇಂಥ ನೋಟೀಸು ಇಂಗ್ಲೆಂಡಿನಲ್ಲಿ ಸುಮಾರು ಎರಡು ದಶಕಗಳಿಂದ ಹೊರಟಿರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಎರಡನೆಯ ನೋಟೀಸೂ ಬಂತು.

ಈಗ ಕತ್ತರಿ ಎಲ್ಲಿ ಆಡಬೇಕು? ಇಲ್ಲಿಯೇ ಸ್ಥಳೀಯ ಆಡಳಿತದ ಒಂದು ಒಳಗುಟ್ಟನ್ನು ನಾವು ಅರಿಯಬೇಕು. ಕೌನ್ಸಿಲಿನ ಖರ್ಚಿನಲ್ಲಿ ಕೆಲವು ಕಾನೂನು ಬಿಗಿಯಾಗಿ ಕಟ್ಟಿಹಾಕಿದಂಥವು. ಅಪಾಯದಲ್ಲಿರುವ ಮಗುವನ್ನು ರಕ್ಷಿಸಲೇಬೇಕು, ಅಶಕ್ತ ವೃದ್ಧರನ್ನು ನೋಡಿಕೊಳ್ಳಲೇಬೇಕು. ಬೊಕ್ಕಸದ ಸಿಂಹಪಾಲು ಹೋಗುವುದು ಅಲ್ಲಿಗೇ, ಹೋಗಬೇಕಾದದ್ದೂ ಅಲ್ಲಿಗೇ. ಇನ್ನು ಕೆಲವು ಸಡಿಲವಾಗಿ ಕಟ್ಟಿದವು. ಗ್ರಂಥಾಲಯ ಅಂಥದು. 1964ರ ಕಾಯ್ದೆಯ ಪ್ರಕಾರ ಸಮಗ್ರವೂ ದಕ್ಷವೂ ಆದ ಗ್ರಂಥಾಲಯ ಸೇವೆ ಕೊಡುವುದು ಕೌನ್ಸಿಲಿನ ಕರ್ತವ್ಯ. ಆದರೆ ಎಷ್ಟು ಗ್ರಂಥಾಲಯ, ಎಷ್ಟು ಗಂಟೆ ಎಂಬ ಲೆಕ್ಕ ಅದರಲ್ಲಿಲ್ಲ. ಹಳ್ಳಿಯ ಬಸ್ಸಿಗೆ ಕೊಡುವ ಸಹಾಯಧನವೂ ಹೀಗೆ ಸಡಿಲವಾದುದೇ. ಆದ್ದರಿಂದ ಬಡತನ ಬಂದಾಗ ಮೊದಲು ಹೋಗುವುದು ಬಸ್ಸು ಮತ್ತು ಪುಸ್ತಕ. ಬಸ್ ಇಲ್ಲದ ಊರಿನಲ್ಲಿ ಗ್ರಂಥಾಲಯವೂ ಮುಚ್ಚಿದರೆ, ಸ್ವಂತ ವಾಹನವಿಲ್ಲದ ಮುದುಕರೂ ಮಕ್ಕಳೂ ಎರಡು ಸಲ ಪೆಟ್ಟು ತಿನ್ನುತ್ತಾರೆ.

ನಾರ್ಥಾಂಪ್ಟನ್‌ಶೈರಿನಲ್ಲಿ ಆಗ 36 ಗ್ರಂಥಾಲಯಗಳಿದ್ದವು. 2018ರ ಫೆಬ್ರವರಿ ಕೊನೆಯಲ್ಲಿ ಅವುಗಳಲ್ಲಿ 21ನ್ನು ಮುಚ್ಚಲು ತೀರ್ಮಾನವಾಯಿತು. ಬಸ್ಸುಗಳ ಸಹಾಯಧನಕ್ಕೂ ಕತ್ತರಿ ಬಿತ್ತು.

ಜನ ಸುಮ್ಮನೆ ಕೂರಲಿಲ್ಲ. ಕೆಲವು ಕುಟುಂಬಗಳು ಉಚ್ಚ ನ್ಯಾಯಾಲಯಕ್ಕೆ ಹೋದವು. ಅರ್ಜಿದಾರರಲ್ಲಿ ಒಂದು ಮಗುವೂ ಇತ್ತು. ಮಗುವಿನ ಹೆಸರು ಬಹಿರಂಗವಾಗಬಾರದೆಂದು ದಾಖಲೆಗಳಲ್ಲಿ ಎರಡು ಅಕ್ಷರಗಳಿಂದಷ್ಟೇ ಗುರುತಿಸಲಾಯಿತು. 2018ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಕೌನ್ಸಿಲಿನ ತೀರ್ಮಾನ ಕಾನೂನುಬಾಹಿರ ಎಂದು ನ್ಯಾಯಾಧೀಶರು ಹೇಳಿದರು. ಯಾವ ಕಾರಣಕ್ಕೆ? ಕೆಲವು ಗ್ರಂಥಾಲಯಗಳಲ್ಲಿ ಪುಟ್ಟ ಮಕ್ಕಳ ಮತ್ತು ತಾಯಂದಿರ ಸೇವಾ ಕೇಂದ್ರಗಳೂ ನಡೆಯುತ್ತಿದ್ದವು. ಅವುಗಳಿಗೆ ಏನಾಗುತ್ತದೆ ಎಂಬ ಬಗ್ಗೆ ಬಳಕೆದಾರರನ್ನು ಕಾನೂನಿನ ಪ್ರಕಾರ ಕೇಳಿರಲಿಲ್ಲ. ಉಳಿದ 15 ಗ್ರಂಥಾಲಯಗಳು 1964ರ ಕಾಯ್ದೆಯ ಕರ್ತವ್ಯವನ್ನು ಪೂರೈಸುತ್ತವೆಯೇ ಎಂಬುದನ್ನು ಕೌನ್ಸಿಲ್ ಸರಿಯಾಗಿ ಪರಿಶೀಲಿಸಿಯೂ ಇರಲಿಲ್ಲ.

ಈ ತೀರ್ಪಿನ ಮಿತಿಯನ್ನೂ ನಾವು ಗಮನಿಸಬೇಕು. ಗ್ರಂಥಾಲಯಗಳನ್ನು ಮುಚ್ಚಲೇಕೂಡದು ಎಂದು ನ್ಯಾಯಾಲಯ ಹೇಳಲಿಲ್ಲ. ಹಣ ತಂದುಕೊಡುವುದು ನ್ಯಾಯಾಲಯದ ಕೆಲಸವೂ ಅಲ್ಲ. ಅದು ಹೇಳಿದ್ದು ಇಷ್ಟೇ: ಮತ್ತೊಮ್ಮೆ ಸರಿಯಾದ ಕ್ರಮದಲ್ಲಿ ಯೋಚಿಸಿ ನಿರ್ಧರಿಸಿ. ಬೊಕ್ಕಸ ಬರಿದಾಗಿದೆ ಎಂಬುದು ಕಷ್ಟಕ್ಕೆ ಕಾರಣವಾದೀತು, ಕಾನೂನನ್ನು ಬದಿಗೊತ್ತಲು ನೆಪವಾಗದು. ಮುಂದೆ ಕೌನ್ಸಿಲ್ ತನ್ನ ಯೋಜನೆಯನ್ನು ಬದಲಿಸಿಕೊಂಡಿತು. ಮುಖ್ಯವಾದ ಕೆಲವು ಗ್ರಂಥಾಲಯಗಳನ್ನು ತಾನೇ ಉಳಿಸಿಕೊಂಡು, ಹಲವನ್ನು ಊರಿನ ಸಂಘಗಳಿಗೂ ಸ್ವಯಂಸೇವಕರಿಗೂ ವಹಿಸುವ ದಾರಿ ಹಿಡಿಯಿತು. ಬೀಗ ಬೀಳುವುದಕ್ಕಿಂತ ಇದು ಮೇಲು, ನಿಜ. ಆದರೆ ಸಂಬಳ ಪಡೆದು ವೃತ್ತಿಪರವಾಗಿ ಮಾಡುತ್ತಿದ್ದ ಕೆಲಸ ಊರವರ ಬಿಡುವಿನ ವೇಳೆಯ ಮೇಲೆ ನಿಂತಿತು ಎಂಬುದೂ ಅಷ್ಟೇ ನಿಜ.

ಹಾಗಾದರೆ ತಪ್ಪು ಯಾರದು? ಅನುದಾನ ಕಡಿದ ಲಂಡನ್ನಿನದೇ, ಕೈ ಬಿಗಿ ಹಿಡಿಯದ ಕೌನ್ಸಿಲಿನದೇ? ಸರ್ಕಾರ ನೇಮಿಸಿದ ತಪಾಸಕ ಮ್ಯಾಕ್ಸ್ ಕಾಲರ್ ಅವರು 2018ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಅನುದಾನ ಹಂಚಿಕೆಯಲ್ಲಿ ಈ ಕೌಂಟಿಗೆ ಮಾತ್ರ ವಿಶೇಷ ಅನ್ಯಾಯವಾಗಿರಲಿಲ್ಲ, ಕೌನ್ಸಿಲ್ ಖರ್ಚಿನ ಮೇಲೆ ಹಿಡಿತ ಕಳೆದುಕೊಂಡಿತ್ತು, ಒಳಗಿನವರ ಮತ್ತು ಹೊರಗಿನವರ ಎಚ್ಚರಿಕೆಗಳಿಗೆ ಕಿವಿಗೊಡಲಿಲ್ಲ ಎಂದು ಅವರು ಕಂಡುಕೊಂಡರು. ಈ ಕೌನ್ಸಿಲನ್ನು ಮುಂದುವರಿಸುವುದರ ಬದಲು ಎರಡು ಹೊಸ ಕೌನ್ಸಿಲ್‌ಗಳನ್ನು ರಚಿಸುವುದು ಲೇಸೆಂದು ಸೂಚಿಸಿದರು. ಅದರಂತೆ 2021ರ ಏಪ್ರಿಲ್ 1ರಂದು ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ ಇಲ್ಲವಾಯಿತು. ಕೆಳಗಿನ 7 ಕೌನ್ಸಿಲ್‌ಗಳೂ ಅದರೊಡನೆ ಹೋಗಿ, ಉತ್ತರ ಮತ್ತು ಪಶ್ಚಿಮ ನಾರ್ಥಾಂಪ್ಟನ್‌ಶೈರ್ ಎಂಬ ಎರಡು ಕೌನ್ಸಿಲ್‌ಗಳು ಬಂದವು.

ಆದರೂ ಕೌನ್ಸಿಲಿನ ಅವಿವೇಕವೊಂದೇ ಕಾರಣವೆಂದು ಕೈ ತೊಳೆದುಕೊಳ್ಳುವಂತಿಲ್ಲ. 2020ರಲ್ಲಿ ಕ್ರಾಯ್ಡನ್, 2021ರಲ್ಲಿ ಸ್ಲೌ, 2023ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ನಾಟಿಂಗ್‌ಹ್ಯಾಮ್ ಕೌನ್ಸಿಲ್‌ಗಳಲ್ಲಿಯೂ ಅದೇ 114ನೆಯ ಸೆಕ್ಷನ್ ನೋಟೀಸು ಹೊರಟಿತು. ಪ್ರತಿಯೊಂದಕ್ಕೂ ತನ್ನದೇ ಆದ ಬೇರೆ ಬೇರೆ ಎಡವಟ್ಟುಗಳಿದ್ದವು. ಆದರೆ ಹಗ್ಗ ಎಲ್ಲೆಡೆಯೂ ಬಿಗಿದಿದ್ದಾಗ, ಸವೆದಿದ್ದ ಕಡೆ ಮೊದಲು ಹರಿಯುತ್ತದೆ.

ಮಿತ್ರರೇ, ಇದು ದೂರದ ದೇಶದ ಕಥೆ, ನಮಗೇನು ಎನ್ನಬೇಡಿ. ನಮ್ಮಲ್ಲಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಗ್ರಂಥಾಲಯವೂ ಅವುಗಳಲ್ಲಿ ಒಂದು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ನಿಮ್ಮ ತಂದೆತಾಯಿಗಳು ಕಟ್ಟಿದ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ನಿಮ್ಮ ಊರಿನ ಪುಸ್ತಕಗಳಿಗೆ ನಿಮ್ಮ ಮನೆಯೂ ಹಣ ಕೊಟ್ಟಿದೆ ಎಂಬುದು ಆ ಕಾಗದದಿಂದ ತಿಳಿಯುತ್ತದೆ.

ಆಯವ್ಯಯವೆಂದರೆ ಒಣ ಅಂಕಿಗಳ ಪಟ್ಟಿ ಎಂದು ನಮಗೆ ಅನ್ನಿಸುವುದುಂಟು. ವಾಸ್ತವವಾಗಿ ಅದು ಒಂದು ಸಮಾಜ ಯಾವುದನ್ನು ಮೊದಲು ಉಳಿಸುತ್ತದೆ, ಯಾವುದನ್ನು ಮೊದಲು ಬಿಡುತ್ತದೆ ಎಂಬುದರ ದಾಖಲೆ. ನಾರ್ಥಾಂಪ್ಟನ್‌ಶೈರಿನ ಗ್ರಂಥಾಲಯಗಳಿಗೆ ಬೀಗ ಹಾಕುವ ಮಾತು ಎದ್ದದ್ದು 2018ರಲ್ಲಿ. ಆದರೆ ಆ ಬೀಗ ತಯಾರಾದದ್ದು ಅದಕ್ಕೆ ಹಿಂದಿನ ಹಲವು ವರ್ಷಗಳ ಸಭೆಗಳಲ್ಲಿ, ಯಾರೂ ಹೋಗಿ ಕೂರದ ಸಭೆಗಳಲ್ಲಿ. ಬಾಗಿಲು ಮುಚ್ಚುವ ದಿನ ಕೂಗುವುದು ಸುಲಭ, ಸಹಜ. ಲೆಕ್ಕಪತ್ರ ಓದುವ ದಿನ ಹಾಜರಿರುವುದು ಕಷ್ಟ. ಫಲ ಕೊಡುವುದು ಮಾತ್ರ ಅದೇ.

ನಿಮ್ಮಲ್ಲಿ ಹದಿನೆಂಟು ತುಂಬಿದವರು ಗ್ರಾಮಸಭೆಗೆ ಹೋಗಿ ಕೂರಬಹುದು. ಇನ್ನೂ ಚಿಕ್ಕವರಿಗಾಗಿ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಈ ಸಲ ಅಲ್ಲಿಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಗ್ರಂಥಾಲಯಕ್ಕೆಂದು ವಸೂಲಾದ ಹಣವೆಷ್ಟು, ಅದರಲ್ಲಿ ಗ್ರಂಥಾಲಯ ತಲುಪಿದ್ದೆಷ್ಟು? ಉತ್ತರ ಸಿಗುವವರೆಗೆ ವಿನಯದಿಂದ ಮತ್ತೆ ಮತ್ತೆ ಕೇಳಿ. ಇಂಗ್ಲೆಂಡಿನ ಆ ಮಗು ನ್ಯಾಯಾಲಯದವರೆಗೆ ಹೋಗಬೇಕಾಯಿತು. ನೀವು ಊರಿನ ಸಭೆಯಲ್ಲಿ ಎದ್ದು ನಿಂತರೆ ಸಾಕು.